ಭಾರ ಇಳಿಯುವ ಜಾಗ

ಎತ್ತಿನ ಗಾಡಿಯಲ್ಲಿ ಕೂತು ಹೋದವರ ಬೆನ್ನಿಗೆ ಒಂದು ವಿಷಯ ಗೊತ್ತಿರುತ್ತದೆ. ಅಲ್ಲಿ ಚಕ್ರಕ್ಕೂ ಮನುಷ್ಯನಿಗೂ ನಡುವೆ ಮರ ಬಿಟ್ಟರೆ ಬೇರೇನಿಲ್ಲ. ಚಕ್ರದ ನಡುವೆ ಅಚ್ಚು, ಅಚ್ಚಿನ ಮೇಲೆ ಚೌಕಟ್ಟು, ಚೌಕಟ್ಟಿನ ಮೇಲೆ ಹಲಗೆ. ಹಲಗೆಯ ಮೇಲೆ ಹುಲ್ಲು ಹರಡಿ ಕಂಬಳಿ ಹಾಸಿಕೊಂಡರೆ ಅದೇ ಆ ವಾಹನದ ಸಸ್ಪೆನ್ಷನ್. ಚಕ್ರ ಕಲ್ಲು ಹತ್ತಿದರೆ ಗಾಡಿಯೂ ಹತ್ತುತ್ತದೆ, ಇಳಿದರೆ ಇಳಿಯುತ್ತದೆ. ಎತ್ತಿನ ನಡಿಗೆಗೆ ಅಷ್ಟು ಸಾಕಾಗಿತ್ತು. ಗಾಡಿಗಳು ನಡಿಗೆ ಬಿಟ್ಟು ಓಟಕ್ಕೆ ಇಳಿದಾಗ ಮಾತ್ರ ಅದು ಸಾಲದಾಯಿತು. ಅಲ್ಲಿಂದ ಇಲ್ಲಿಯವರೆಗೆ ಗಾಡಿ ಕಟ್ಟುವವರು ಬೇರೆ ಬೇರೆ ಹೆಸರಿನಲ್ಲಿ ಕೇಳಿಕೊಂಡು ಬಂದಿರುವುದು ಒಂದೇ ಪ್ರಶ್ನೆ ಎಂದು ನನಗನ್ನಿಸುತ್ತದೆ: ಮೇಲಿರುವ ಭಾರ ಯಾವ ದಾರಿ ಹಿಡಿದು ನೆಲಕ್ಕೆ ಇಳಿಯಬೇಕು?

ಇದನ್ನೆಲ್ಲ ಕೂತು ಯೋಚಿಸುವ ಕಾರಣ ಒದಗಿದ್ದು ಕಾಯಿಲೋವರ್ ಎಂಬ ಸಾಮಾನಿನಿಂದ. ಮೈಸೂರಿನಲ್ಲಿರುವ ಅಕ್ಕನ ಮಗ ತನ್ನ 1999ರ ಮಾರುತಿ ಝೆನ್‌ಗೆ ಹಾಕಿಸಲು ಒಂದು ಸೆಟ್ ತರಿಸಿಕೊಂಡಿದ್ದ. ಆ ಕಾರು ಭಾವ ಕೊಂಡದ್ದು. ಭಾವ ಈಗಿಲ್ಲ. ಅಕ್ಕನಿಗೆ ಅದನ್ನು ಮಾರಲು ಮನಸ್ಸಿಲ್ಲ, ಮಗನಿಗೆ ಅದನ್ನು ಇದ್ದ ಹಾಗೇ ಓಡಿಸಲು ಮನಸ್ಸಿಲ್ಲ. ಪೆಟ್ಟಿಗೆ ಬಿಚ್ಚಿದರೆ ಒಳಗೆ ನಾಲ್ಕು ಕೊಳವೆ. ಪ್ರತಿಯೊಂದರ ಮೈಮೇಲೆ ಬೋಲ್ಟಿಗಿರುವಂತೆ ಮರೆ, ಅಂದರೆ ಥ್ರೆಡ್. ಥ್ರೆಡ್ಡಿನ ಮೇಲೆ ಓಡಾಡುವ ಎರಡು ಅಲ್ಯೂಮಿನಿಯಂ ರಿಂಗ್‌ಗಳು, ರಿಂಗಿನ ಮೇಲೆ ಕೂತ ಕೆಂಪು ಸ್ಪ್ರಿಂಗು, ತುದಿಯಲ್ಲಿ ಟಿಕ್ ಟಿಕ್ ಎಂದು ತಿರುಗುವ ಒಂದು ಪುಟ್ಟ ಗುಬಟು. ರಿಂಗನ್ನು ಮೇಲೆ ಕೆಳಗೆ ಮಾಡಿದರೆ ಕಾರಿನ ಎತ್ತರ ಬದಲಾಗುತ್ತದೆ, ಗುಬಟು ತಿರುಗಿಸಿದರೆ ಶಾಕ್ ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ.

“ಎಷ್ಟು ಇಳಿಸಬಹುದು ಮಾಮ?” ಎಂದು ಅವನು ಕೇಳಿದ. ಕಾಯಿಲೋವರ್ ನೋಡಿದವರೆಲ್ಲ ಮೊದಲು ಕೇಳುವುದು ಇದನ್ನೇ. ಜಪಾನಿನಲ್ಲಿ ಅದಕ್ಕಿರುವ ಬಳಕೆಯ ಹೆಸರು ‘ಶಕೋಚೊ’. ವಾಹನದ ಎತ್ತರ ಹೊಂದಿಸುವುದು ಎಂಬ ಉದ್ದ ಪದದ ಚುಟುಕು ರೂಪ. ಹೆಸರಿನಲ್ಲೇ ಎತ್ತರ ಕೂತಿದೆ. ಆದರೆ ಈ ವಸ್ತು ಹುಟ್ಟಿದ ದಾರಿಯನ್ನು ಹಿಂಬಾಲಿಸಿದರೆ ಎತ್ತರ ಅದರ ಅಡ್ಡ ಉಪಯೋಗ. ಅಸಲು ಕೆಲಸ ಬೇರೆ.

ಸ್ಪ್ರಿಂಗಿನ ಲೆಕ್ಕ ಬಹಳ ಹಳೆಯದು. ಎಳೆದಷ್ಟೂ ಅದೇ ಪ್ರಮಾಣದಲ್ಲಿ ಎದುರು ಬಲ ಹುಟ್ಟುತ್ತದೆ ಎಂಬುದನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಅದಲುಬದಲು ಮಾಡಿ ಒಗಟಾಗಿ ಪ್ರಕಟಿಸಿದ. ತನ್ನ ಶೋಧವನ್ನು ಯಾರೂ ಕದಿಯಬಾರದು, ಆದರೆ ತಾನೇ ಮೊದಲಿಗನೆಂಬುದು ದಾಖಲಾಗಬೇಕು ಎಂಬ ಲೆಕ್ಕಾಚಾರ. ಒಗಟು ಬಿಡಿಸಿದ್ದು 1678ರಲ್ಲಿ. ಆಮೇಲೂ ಗಾಡಿಗಳ ಮೈಯನ್ನು ಚರ್ಮದ ಪಟ್ಟಿಗಳಿಂದ ತೂಗುಹಾಕುವ ರೂಢಿಯೇ ಬಹಳ ಕಾಲ ನಡೆಯಿತು. ಆ ಗಾಡಿಗಳ ಹೊಟ್ಟೆಯ ಕೆಳಗೆ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿನವರೆಗೆ ಒಂದು ದಪ್ಪ ತೊಲೆ ಇರುತ್ತಿತ್ತು. ಭಾರವೆಲ್ಲ ಆ ತೊಲೆಗೆ.

1804ರಲ್ಲಿ ಲಂಡನ್ನಿನ ಗಾಡಿ ತಯಾರಕ ಒಬಾಡಿಯಾ ಎಲಿಯಟ್ ಎಂಬಾತ ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ, ಎರಡು ಬಿಲ್ಲುಗಳನ್ನು ಎದುರುಬದುರು ಇಟ್ಟು, ಮೊಟ್ಟೆಯಾಕಾರದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ಚರಿತ್ರೆಯ ಪುಸ್ತಕಗಳು ಅವನನ್ನು ನೆನೆಯುವುದು ಪ್ರಯಾಣ ಮೆತ್ತಗಾಯಿತು ಎಂಬ ಕಾರಣಕ್ಕೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಅವನ ಸ್ಪ್ರಿಂಗು ಗಾಡಿಯ ಮೈಯನ್ನೂ ಅಚ್ಚನ್ನೂ ನೇರವಾಗಿ ಜೋಡಿಸಿತು, ನಡುವಿನ ತೊಲೆಯೇ ಬೇಡವಾಯಿತು. ಭಾರ ಇಳಿಯುವ ದಾರಿ ಬದಲಾದದ್ದರಿಂದ ಗಾಡಿಯ ಆಕಾರವೇ ಬದಲಾಯಿತು, ಹಗುರವಾಯಿತು, ತಗ್ಗಾಯಿತು.

ಆ ಪಟ್ಟಿ ಸ್ಪ್ರಿಂಗು ಇವತ್ತಿಗೂ ನಮ್ಮ ಲಾರಿಗಳ ಕೆಳಗೆ ಬದುಕಿದೆ. ಹೆದ್ದಾರಿ ಬದಿಯಲ್ಲಿ ಲಾರಿ ಒಂದು ಕಡೆ ವಾಲಿ ನಿಂತು, ಕ್ಲೀನರ್ ಹುಡುಗ ಕೆಳಗೆ ತೂರಿದ್ದರೆ ಬಹುಪಾಲು ಪ್ಲೇಟ್ ಕಟ್ ಆಗಿದೆ ಎಂದೇ ಅರ್ಥ. ಅದರ ಜಾಣತನ ಎಂದರೆ ಒಂದೇ ಸಾಮಾನು ಮೂರು ಕೆಲಸ ಮಾಡುತ್ತದೆ. ಭಾರ ಹೊರುತ್ತದೆ. ಆಕ್ಸಲ್ ಹಿಂದೆ ಮುಂದೆ, ಅತ್ತ ಇತ್ತ ಸರಿಯದಂತೆ ಹಿಡಿದಿಡುತ್ತದೆ. ಒಂದರ ಮೇಲೊಂದು ಇರುವ ಪಟ್ಟಿಗಳು ಉಜ್ಜಿಕೊಂಡು, ಕುಲುಕಾಟವನ್ನು ಒಂದಿಷ್ಟು ತಾವೇ ನುಂಗುತ್ತವೆ. 1908ರ ಫೋರ್ಡ್ ಮಾಡೆಲ್ ಟಿ ಹಿಂದೊಂದು ಮುಂದೊಂದು ಅಡ್ಡ ಪಟ್ಟಿಯ ಮೇಲೆ, ಶಾಕ್ ಅಬ್ಸಾರ್ಬರುಗಳಿಲ್ಲದೆಯೇ ಓಡಿತು.

ಸುರುಳಿ ಸ್ಪ್ರಿಂಗಿಗೆ ಈ ಮೂರರಲ್ಲಿ ಒಂದೇ ಬರುತ್ತದೆ. ಅದು ಭಾರ ಹೊರುತ್ತದೆ, ಅಷ್ಟೆ. ಚಕ್ರವನ್ನು ಹಿಡಿದಿಡಲು ಬೇರೆ ತೋಳುಗಳು ಬೇಕು. ಕುಲುಕಾಟ ನಿಲ್ಲಿಸಲು ಬೇರೆಯದೇ ಸಾಧನ ಬೇಕು. ಇಲ್ಲದಿದ್ದರೆ ಒಂದು ಗುಂಡಿ ದಾಟಿದ ಕಾರು ಮುಂದಿನ ಗುಂಡಿಯವರೆಗೂ ಕುಣಿಯುತ್ತಲೇ ಇರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಟ್ರುಫೋ ಕತ್ತರಿಯಂತೆ ಮಡಚುವ ಎರಡು ತೋಳುಗಳ ನಡುವೆ ಬಿಲ್ಲೆಗಳನ್ನಿಟ್ಟು, ಅವು ಉಜ್ಜಿಕೊಳ್ಳುವಂತೆ ಮಾಡಿದ. ಅಮೆರಿಕದಲ್ಲಿ ಹಾರ್ಟ್‌ಫರ್ಡ್ ಅದನ್ನೇ ತಯಾರಿಸಿ ಮಾರಿದ. ಆದರೆ ಉಜ್ಜುವ ಬಿಲ್ಲೆಗೆ ಒಂದು ಕೆಟ್ಟ ಗುಣವಿದೆ. ಸಣ್ಣ ಅಲುಗಾಟಕ್ಕೆ ಅದು ಜಗ್ಗುವುದೇ ಇಲ್ಲ, ದೊಡ್ಡ ಹೊಡೆತಕ್ಕೆ ಸಾಕಷ್ಟು ತಡೆಯುವುದೂ ಇಲ್ಲ. ಎಣ್ಣೆ ಹಾಗಲ್ಲ. ಸಣ್ಣ ತೂತಿನಲ್ಲಿ ನಿಧಾನವಾಗಿ ತಳ್ಳಿದರೆ ಸುಮ್ಮನೆ ಹೋಗುತ್ತದೆ, ರಭಸವಾಗಿ ತಳ್ಳಿದರೆ ಎದುರು ನಿಲ್ಲುತ್ತದೆ. ಮಾರಿಸ್ ಹುದಾಯ್ ಎಂಬ ಇನ್ನೊಬ್ಬ ಫ್ರೆಂಚ್ ಮನುಷ್ಯ ಎಣ್ಣೆಯ ಈ ಸ್ವಭಾವವನ್ನು ಕಾರಿಗೆ ತಂದವರಲ್ಲಿ ಮೊದಲಿಗ. ಇವತ್ತು ನಾವು ಶಾಕ್ ಎಂದು ಕರೆಯುವ ಪ್ರತಿಯೊಂದು ಕೊಳವೆಯೊಳಗೂ ನಡೆಯುವುದು ಆ ಎಣ್ಣೆಯ ಕೆಲಸವೇ.

ನಡುವೆ ಒಬ್ಬ ಮನುಷ್ಯನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಾರಿಸ್ ಓಲಿ ಎಂಬ ಬ್ರಿಟಿಷ್ ಎಂಜಿನಿಯರ್ ರೋಲ್ಸ್ ರಾಯ್ಸ್ ಬಿಟ್ಟು 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದರು. ಅಲ್ಲಿ ಅವರು ಒಂದು ದೊಡ್ಡ ಕಾರಿನ ಹಿಂದೆ ಮುಂದೆ ತೂಕಗಳನ್ನು ನೇತುಹಾಕಿ, ಸರಿಸಿ, ಸ್ಪ್ರಿಂಗು ಬದಲಿಸಿ, ಅದರೊಳಗೆ ಕೂತು ಓಡಾಡಿದರು. ಅಳೆಯಲು ಒಳ್ಳೆಯ ಉಪಕರಣವಿಲ್ಲದ ಕಾಲ. ಕೂತವರ ಮೈಯೇ ಉಪಕರಣ. ಅವರಿಗೆ ಸಿಕ್ಕಿದ ಉತ್ತರ ಅಂದಿನ ರೂಢಿಗೆ ತದ್ವಿರುದ್ಧವಾಗಿತ್ತು. ಮುಂದಿನ ಸ್ಪ್ರಿಂಗುಗಳು ಮೆತ್ತಗಿರಬೇಕು, ಹಿಂದಿನವು ಅವಕ್ಕಿಂತ ಬೇಗ ಕುಲುಕಬೇಕು. ಉಬ್ಬು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ, ತುಸು ತಡವಾಗಿ ಹಿಂದಿನದಕ್ಕೆ. ತಡವಾಗಿ ಹೊರಟದ್ದು ಸ್ವಲ್ಪ ಜೋರಾಗಿ ಕುಲುಕಿದರೆ ಮುಂದಿನದನ್ನು ಹಿಡಿದುಕೊಳ್ಳುತ್ತದೆ. ಆಗ ಕಾರು ತೊಟ್ಟಿಲಿನಂತೆ ಹಿಂದೆ ಮುಂದೆ ಜೀಕದೆ ಒಟ್ಟಾಗಿ ಏಳುತ್ತದೆ, ಒಟ್ಟಾಗಿ ಇಳಿಯುತ್ತದೆ. ಮುಂದೆ ಅಷ್ಟು ಮೆತ್ತನೆಯ ಸ್ಪ್ರಿಂಗು ಹಾಕಬೇಕಾದರೆ ಎರಡೂ ಚಕ್ರಗಳನ್ನು ಬೆಸೆಯುವ ಗಟ್ಟಿ ಆಕ್ಸಲ್ ಹೋಗಬೇಕಿತ್ತು. 1934ರ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಅದು ಹೋಯಿತು, ಸುರುಳಿ ಸ್ಪ್ರಿಂಗು ಬಂತು. ಸೋದರಳಿಯನ ಸೆಟ್ಟಿನಲ್ಲಿ ಮುಂದಿನ ಸ್ಪ್ರಿಂಗು ಕೈಯಲ್ಲಿ ಹಿಡಿದರೇ ಗೊತ್ತಾಗುವಷ್ಟು ಬಿರುಸಾಗಿತ್ತು. ಓಲಿಯವರ ಪಾಠ ತೊಂಬತ್ತು ವರ್ಷ ಹಳೆಯದು, ಅಷ್ಟೇ ಸಲೀಸಾಗಿ ಮರೆತುಹೋಗುವಂಥದ್ದೂ ಹೌದು.

ಸ್ಪ್ರಿಂಗು ಬೇರೆ, ಶಾಕು ಬೇರೆ, ತೋಳುಗಳು ಬೇರೆ. ಇವನ್ನು ಒಂದು ಮಾಡುವ ಯೋಚನೆ ಹಲವರಿಗೆ ಹೊಳೆದಿತ್ತು. ಇಟಲಿಯ ವಿನ್ಚೆಂಜೊ ಲಾಂಚಿಯಾ 1922ರಲ್ಲಿ ತೋರಿಸಿದ ಲಾಂಬ್ಡಾ ಕಾರಿನ ಮುಂದಿನ ಚಕ್ರಗಳು ಒಂದೊಂದು ಕಂಬದ ಮೇಲೆ ಜಾರುತ್ತಿದ್ದವು; ಆ ಕಂಬದೊಳಗೇ ಸುರುಳಿ ಸ್ಪ್ರಿಂಗೂ ಎಣ್ಣೆಯೂ ಇದ್ದವು. ಅದೇ ಕಾರಿನಲ್ಲಿ ಬೇರೆ ಚಾಸಿ ಇರಲಿಲ್ಲ, ಮೈಯೇ ಭಾರ ಹೊರುತ್ತಿತ್ತು. ಇವೆರಡೂ ಒಂದೇ ಕಾರಿನಲ್ಲಿ ಬಂದದ್ದು ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ. ಭಾರವನ್ನು ಕಂಬದ ಮೇಲ್ತುದಿಗೆ ತಂದರೆ ಅಲ್ಲಿ ಅದನ್ನು ಹಿಡಿದುಕೊಳ್ಳಲು ಗಟ್ಟಿಯಾದ ಮೈ ಬೇಕೇ ಬೇಕು.

ಇದನ್ನು ಅಗ್ಗವಾಗಿ ಮಾಡಿ ತೋರಿಸಿದವನು ಅರ್ಲ್ ಮ್ಯಾಕ್‌ಫರ್ಸನ್. ಹುಟ್ಟಿದ್ದು 1891ರಲ್ಲಿ, ಇಲಿನಾಯ್‌ನಲ್ಲಿ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಷೆವ್ರೊಲೆ ಕಂಪನಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ಒಂದು ಸಣ್ಣ ಕಾರಿನ ಯೋಜನೆ ಹಾಕಿ ಅವನ ಕೈಗೆ ಕೊಟ್ಟಿತು, ಹೆಸರು ಕೆಡೆಟ್. ಅವನು ಮಾಡಿದ್ದಿಷ್ಟು: ಶಾಕ್ ಅಬ್ಸಾರ್ಬರನ್ನು ದಪ್ಪ ಮಾಡಿ ಅದನ್ನೇ ಕಂಬವಾಗಿಸಿದ, ಅದರ ಸುತ್ತ ಸುರುಳಿ ಸ್ಪ್ರಿಂಗು ಸುತ್ತಿದ, ಮೇಲಿನ ತುದಿಯನ್ನು ಕಾರಿನ ಮೈಗೆ ಬಿಗಿದ, ಕೆಳಗೆ ಒಂದೇ ಒಂದು ತೋಳು ಇಟ್ಟ. ಮೇಲಿನ ತೋಳು, ಅದರ ಬುಶ್ಶುಗಳು, ಅದರ ಕೀಲು ಎಲ್ಲ ಉಳಿತಾಯ. 1947ರಲ್ಲಿ ಕೆಡೆಟ್ ಯೋಜನೆಯನ್ನೇ ಕೈಬಿಟ್ಟರು, ಅದೇ ವರ್ಷ ಮ್ಯಾಕ್‌ಫರ್ಸನ್ ಫೋರ್ಡ್ ಸೇರಿದ. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸುಲ್, ಝೆಫಿರ್ ಕಾರುಗಳು ಅವನ ಹೆಸರಿನ ಸ್ಟ್ರಟ್ ಹೊತ್ತು ಬಂದವು. ಅಂದರೆ ಸ್ಪ್ರಿಂಗಿನೊಳಗೆ ಶಾಕ್ ಇರುವ ಜೋಡಿ ಲಕ್ಷಾಂತರ ಸಾಮಾನ್ಯ ಕಾರುಗಳಿಗೆ ಬಂದದ್ದು ವೇಗಕ್ಕಲ್ಲ, ಜಂಬಕ್ಕೂ ಅಲ್ಲ, ಹಣ ಉಳಿಸಲು. ಕಾಯಿಲೋವರ್ ಎಂದರೆ ರೇಸಿನ ಸಾಮಾನು ಎಂದು ಎದೆಯುಬ್ಬಿಸುವ ಹುಡುಗರಿಗೆ ಅವರ ಮನೆಯ ಹಳೇ ಕಾರಿನ ಮುಂದೆಯೂ ಅದರ ಬಡ ದಾಯಾದಿ ಮೊದಲಿನಿಂದಲೇ ಕೂತಿದೆ ಎಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ನಮ್ಮ ರಸ್ತೆಗೆ ಈ ಜೋಡಿ ಬರುವುದು ತಡವಾಯಿತು. ಅಂಬಾಸಡರ್ ಮಾರಿಸ್ ಆಕ್ಸ್‌ಫರ್ಡಿನ ಮರಿ. ಅದರ ಮುಂದಿನ ಭಾರ ಉದ್ದನೆಯ ಸರಳುಗಳನ್ನು ತಿರುಚುತ್ತ, ಕಾರಿನ ಹೊಟ್ಟೆಯ ಕೆಳಗೆ ಹಿಂದಕ್ಕೆ ಸಾಗಿ ಅಲ್ಲಿ ಇಳಿಯುತ್ತಿತ್ತು. ಹಿಂದೆ ಪಟ್ಟಿಗಳು. ಪ್ರೀಮಿಯರ್ ಪದ್ಮಿನಿಗೆ ಮುಂದೆ ಎರಡು ತೋಳುಗಳ ನಡುವೆ ಸುರುಳಿ, ಹಿಂದೆ ಮತ್ತೆ ಪಟ್ಟಿ. 1983ರ ಡಿಸೆಂಬರಿನಲ್ಲಿ ಬಂದ ಮೊದಲ ಮಾರುತಿ 800ಕ್ಕೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇತ್ತು, ಹಿಂದೆ ಮಾತ್ರ ಇನ್ನೂ ಎಲಿಯಟ್ಟನ ಪಟ್ಟಿಯೇ. 1986ರಲ್ಲಿ ಹೊಸ ಮಾದರಿ ಬಂದಾಗ ಹಿಂದೆಯೂ ಸುರುಳಿಯಾಯಿತು. 1993ರ ಝೆನ್ ಅದೇ ವಂಶದ್ದು. ಮುಂದೆ ಸ್ಟ್ರಟ್. ಹಿಂದೆ ಗಟ್ಟಿ ಆಕ್ಸಲ್, ಅದನ್ನು ಹಿಡಿದುಕೊಳ್ಳುವ ತೋಳುಗಳು, ಸ್ಪ್ರಿಂಗು ಒಂದು ಕಡೆ, ಶಾಕು ಇನ್ನೊಂದು ಕಡೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಬೇಕು, ಜಗಳ ಹುಟ್ಟಿದ್ದು ಅಲ್ಲೇ.

ಇನ್ನು ಥ್ರೆಡ್ಡಿನ ಕಥೆ. ಇದು ಮಾತ್ರ ನಿಜವಾಗಿಯೂ ರೇಸಿನಿಂದ ಬಂದದ್ದು. 1957ರಲ್ಲಿ ಕಾಲಿನ್ ಚಾಪ್ಮನ್ ತನ್ನ ಲೋಟಸ್ 12 ಎಂಬ ರೇಸ್ ಕಾರಿನ ಹಿಂದಿನ ಚಕ್ರಗಳಿಗೂ ಸ್ಟ್ರಟ್ ಹಾಕಿದ. ಎಂಜಿನ್ನಿನ ಬಲ ಚಕ್ರಕ್ಕೆ ತಲುಪಿಸುವ ಶಾಫ್ಟನ್ನೇ ಕೆಳತೋಳಾಗಿ ಬಳಸಿ ಇನ್ನಷ್ಟು ಕಬ್ಬಿಣ ಉಳಿಸಿದ. ಅದೇ ದಶಕದಲ್ಲಿ ಫ್ರಾನ್ಸಿನ ಬುರ್ಸಿಯೆ ದ ಕಾರ್ಬೋನ್ ಶಾಕಿನೊಳಗೆ ಅಧಿಕ ಒತ್ತಡದ ಅನಿಲ ತುಂಬಿ, ಬಿಸಿಯಾದ ಎಣ್ಣೆ ನೊರೆಗಟ್ಟದಂತೆ ಮಾಡುವುದನ್ನು ಕಂಡುಹಿಡಿದ. ಜರ್ಮನಿಯ ಬಿಲ್‌ಸ್ಟೈನ್ ಅದನ್ನು ಕೈಗೆತ್ತಿಕೊಂಡಿತು. 1976ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಓಲಿನ್ಸ್ ಮೊದಲು ಮೋಟಾರ್ ಸೈಕಲ್ಲಿಗೆ, ಆಮೇಲೆ ಕಾರಿಗೆ ಹೊಂದಿಸಬಹುದಾದ ಶಾಕ್‌ಗಳನ್ನು ಮಾಡಿತು. ರೇಸಿನವರಿಗೆ ಸ್ಪ್ರಿಂಗಿನ ಕೆಳಗೆ ತಿರುಗುವ ರಿಂಗು ಏಕೆ ಬೇಕಾಯಿತು? ಕಾರನ್ನು ತಗ್ಗಿಸಲು ಎನ್ನುವುದು ಅರ್ಧ ಉತ್ತರ. ಹೋಟೆಲಿನ ಕುಂಟು ಮೇಜನ್ನು ನೆನೆದುಕೊಳ್ಳಿ. ಒಂದು ಕಾಲಿನ ಕೆಳಗೆ ಕಾಗದ ಮಡಿಸಿ ತುರುಕಿದರೆ ಆ ಕಾಲಿಗೂ, ಅದರ ಎದುರು ಮೂಲೆಯ ಕಾಲಿಗೂ ಭಾರ ಹೆಚ್ಚುತ್ತದೆ, ಉಳಿದೆರಡಕ್ಕೆ ಕಡಿಮೆಯಾಗುತ್ತದೆ. ಮೇಜಿನ ಒಟ್ಟು ತೂಕ ಅಷ್ಟೇ ಇರುತ್ತದೆ. ರೇಸಿನ ಗ್ಯಾರೇಜಿನಲ್ಲಿ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತೂಕದ ಯಂತ್ರಗಳನ್ನಿಟ್ಟು, ಚಾಲಕನನ್ನು ಒಳಗೆ ಕೂರಿಸಿ, ರಿಂಗುಗಳನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾರೆ. ಎಡ ತಿರುವಿನಲ್ಲೂ ಬಲ ತಿರುವಿನಲ್ಲೂ ಕಾರು ಒಂದೇ ರೀತಿ ವರ್ತಿಸುವಂತೆ ಭಾರ ಹಂಚುವುದು ಆ ಕೆಲಸದ ಗುಟ್ಟು. ರಿಂಗು ಭಾರ ಹಂಚುವ ಕೀಲಿ.

ಅದು ಎತ್ತರ ಇಳಿಸುವ ಕೀಲಿಯಾದದ್ದು ರಸ್ತೆಗೆ ಬಂದ ಮೇಲೆ, ಮುಖ್ಯವಾಗಿ ಜಪಾನಿನಲ್ಲಿ. 1995ರಲ್ಲಿ ಅಲ್ಲಿನ ಸರಕಾರ ವಾಹನ ಮಾರ್ಪಾಡಿನ ನಿಯಮಗಳನ್ನು ಸಡಿಲಿಸಿತು. ಹಳೆಯ ಟೊಯೋಟಾ ಕಾರೊಂದನ್ನು ಬೆಟ್ಟದ ದಾರಿಯಲ್ಲಿ ಓಡಿಸುವ ಹುಡುಗನ ಕಥೆಯ ‘ಇನಿಷಿಯಲ್ ಡಿ’ ಚಿತ್ರಕಥೆ ಶುರುವಾದದ್ದೂ ಅದೇ ವರ್ಷ. ನನ್ನ ಸೋದರಳಿಯ ಹುಟ್ಟಿದ್ದು ಅದಕ್ಕಿಂತ ಎಷ್ಟೋ ತಡವಾಗಿ, ಆದರೆ ಅವನ ತಲೆಯಲ್ಲಿ ಓಡುತ್ತಿದ್ದ ಝೆನ್ ಹುಟ್ಟಿದ್ದು ಅಲ್ಲೇ.

ಇಳಿಸಿದರೆ ಏನಾಗುತ್ತದೆ? ಸ್ವಲ್ಪ ಇಳಿಸಿದರೆ ಭಾರದ ಕೇಂದ್ರ ತಗ್ಗುತ್ತದೆ, ಒಳ್ಳೆಯದೇ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಜಾಸ್ತಿ ಇಳಿಸಿದರೆ ಕೆಳತೋಳು ಚಕ್ರದ ಕಡೆ ಮೇಲಕ್ಕೆ ವಾಲುತ್ತದೆ. ಆಗ ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ಹೊರಳುತ್ತದೋ ಆ ಬಿಂದು ಭಾರದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ, ಕಾರು ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ. ಅದನ್ನು ತಡೆಯಲು ಇನ್ನೂ ಬಿರುಸು ಸ್ಪ್ರಿಂಗು. ಬಿರುಸು ಹೆಚ್ಚಿದಷ್ಟೂ ಹೊಡೆತ ಮೈಗೆ. ಶಾಕಿನ ಸರಳು ಓಡಾಡಲು ಇದ್ದ ಜಾಗವೂ ಕಡಿಮೆಯಾಗಿರುತ್ತದೆ. ನಮ್ಮ ರಸ್ತೆಗಳ ಹಂಪುಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಊರ ಮುಂದೆ ರಾತ್ರೋರಾತ್ರಿ ಏಳುವ ಹಂಪುಗಳನ್ನು ಹಾಕುವವರು ಆ ಪುಸ್ತಕ ಓದಿರುವುದಿಲ್ಲ.

ಗ್ಯಾರೇಜಿನ ಮೇಸ್ತ್ರಿ ಅರವತ್ತು ದಾಟಿದವರು, ಪದ್ಮಿನಿ ಕಾಲದಿಂದ ಕೈ ಕಪ್ಪು ಮಾಡಿಕೊಂಡವರು. ಮುಂದಿನ ಬಾನೆಟ್ ಎತ್ತಿ ಮೊದಲು ನೋಡಿದ್ದು ಕಾಯಿಲೋವರನ್ನಲ್ಲ; ಎರಡೂ ಪಕ್ಕದಲ್ಲಿ ಸ್ಟ್ರಟ್ಟಿನ ತಲೆ ಬಂದು ಕೂರುವ ಗುಮ್ಮಟದಂಥ ತಗಡನ್ನು. ಬಣ್ಣ ಕೆರೆದು, ಸ್ಕ್ರೂ ಡ್ರೈವರಿನ ಹಿಡಿಯಿಂದ ಸುತ್ತ ತಟ್ಟಿದರು. ಬಲಗಡೆ ಟಣ್ ಅಂದಿತು. ಎಡಗಡೆ ಒಂದು ಜಾಗದಲ್ಲಿ ದಬ್ ಅಂದಿತು. ಬ್ಯಾಟರಿಯ ಆಸಿಡ್ಡೋ, ಮಳೆಗಾಲಗಳ ಕೆಸರೋ, ತಗಡು ಒಳಗಿನಿಂದ ತಿಂದುಹೋಗಿತ್ತು. ಇಪ್ಪತ್ತೈದು ವರ್ಷ ಮೆತ್ತನೆಯ ಸ್ಪ್ರಿಂಗಿನ ಹೊಡೆತ ತಿಂದ ಮೈಗೆ ಈಗ ಬಿರುಸು ಸ್ಪ್ರಿಂಗಿನ ಹೊಡೆತ ಕೊಡಲು ಹೊರಟಿದ್ದೆವು. ಮ್ಯಾಕ್‌ಫರ್ಸನ್ ಭಾರವನ್ನು ತಂದು ಇಟ್ಟದ್ದು ಸರಿಯಾಗಿ ಆ ಜಾಗದ ಮೇಲೆಯೇ. ಹೊಸ ಸಾಮಾನು ಎಷ್ಟೇ ಚೆನ್ನಾಗಿರಲಿ, ಅದು ಒರಗುವ ಗೋಡೆ 1999ರದ್ದು. ಟಿಂಕರಿಂಗ್ ಮಾಡುವವರನ್ನು ಕರೆಸಿ, ಕೊಳೆತ ಭಾಗ ಕತ್ತರಿಸಿ, ಅದೇ ದಪ್ಪದ ತಗಡು ವೆಲ್ಡ್ ಮಾಡಿಸಿ, ಎರಡು ದಿನದ ನಂತರವೇ ಮುಂದಿನ ಕೆಲಸ.

ಹಿಂದಿನ ಚಕ್ರ ಬಿಚ್ಚಿದಾಗ ಜಗಳ ಶುರುವಾಯಿತು. ಪೆಟ್ಟಿಗೆಯಲ್ಲಿದ್ದ ನಾಲ್ಕೂ ಕೊಳವೆಗಳು ಒಂದೇ ಬಗೆಯವು, ನಾಲ್ಕಕ್ಕೂ ಸುತ್ತ ಸ್ಪ್ರಿಂಗು. ಅಂದರೆ ಹಿಂದೆಯೂ ಕಂಪನಿಯ ಸ್ಪ್ರಿಂಗು ತೆಗೆದುಹಾಕಿ, ಶಾಕ್ ಇದ್ದ ಜಾಗಕ್ಕೇ ಸ್ಪ್ರಿಂಗ್ ಸಮೇತ ಈ ಕೊಳವೆ ಹಾಕಬೇಕು. ಮೇಸ್ತ್ರಿ ಕೆಳಗೆ ಮಲಗಿಕೊಂಡೇ ನನ್ನನ್ನು ಕರೆದರು. ಸ್ಪ್ರಿಂಗು ಕೂರುವ ಕಡೆ ನೆಲದ ತಗಡಿಗೆ ದಪ್ಪ ಬಟ್ಟಲು, ಅದರ ಸುತ್ತ ಮಡಿಕೆ ಹಾಕಿದ ಉಕ್ಕು. ಶಾಕಿನ ಮೇಲ್ತುದಿ ಸಿಗುವ ಕಡೆ ಬೆರಳು ದಪ್ಪದ ಒಂದು ಬೋಲ್ಟು, ಅಷ್ಟೆ.

“ಸಾರ್, ಈ ಬೋಲ್ಟು ಶಾಕ್ ಹಿಡ್ಕೊಳ್ಳೋಕೆ. ಗಾಡಿ ಹೊರೋಕಲ್ಲ” ಎಂದರು.

“ಸೆಟ್ ಮಾಡಿರೋರಿಗೆ ಗೊತ್ತಿರಲ್ವಾ?” ಎಂದ ಹುಡುಗ.

“ಅವರು ನಿನ್ನ ಗಾಡಿ ನೋಡಿಲ್ಲ ತಮ್ಮಾ. ನಾನು ನೋಡ್ತಾ ಇದೀನಿ.”

ನನಗೆ ತಿಳಿದ ಮಟ್ಟಿಗೆ ಇಡೀ ಚರಿತ್ರೆಯ ಸಾರ ಆ ಬೋಲ್ಟಿನಲ್ಲಿತ್ತು. ಮುಂದಿನ ಕಡೆ ಕಾಯಿಲೋವರ್ ಹಾಕುವುದೆಂದರೆ ಮ್ಯಾಕ್‌ಫರ್ಸನ್ ಹಾಕಿಕೊಟ್ಟ ದಾರಿಯಲ್ಲೇ ಹೋಗುವುದು. ಸ್ಪ್ರಿಂಗು ಮೊದಲೂ ಅಲ್ಲೇ ಇತ್ತು, ಈಗಲೂ ಅಲ್ಲೇ. ಹಿಂದಿನ ಕಡೆ ಹಾಗಲ್ಲ. ಶಾಕಿನ ಬೋಲ್ಟು ಹೊತ್ತದ್ದು ಎಣ್ಣೆಯ ತಡೆಯನ್ನು ಮಾತ್ರ. ಕಾರು ನಿಂತಾಗ ಅದಕ್ಕೆ ಹೊರೆಯೇ ಇಲ್ಲವೆನ್ನಬಹುದು. ಮುಕ್ಕಾಲು ಟನ್ನಿನ ಆಸುಪಾಸಿನ ಕಾರಿನ ಹಿಂಭಾಗ, ಅದರ ಮೇಲೆ ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಸಾಮಾನು, ಎಲ್ಲವನ್ನೂ ಹಂಪಿನ ಹೊಡೆತದ ಸಮೇತ ಒಂದು ದಿನ ಇದ್ದಕ್ಕಿದ್ದಂತೆ ಆ ಬೋಲ್ಟಿನ ತಲೆಗೆ ಕಟ್ಟಿದರೆ ಅದು ಮೊದಲ ದಿನ ಮುರಿಯುವುದಿಲ್ಲ. ತಗಡು ನಿಧಾನವಾಗಿ ಬಿರುಕು ಬಿಡುತ್ತದೆ, ಒಂದು ದಿನ ನಂಜನಗೂಡಿನ ರಸ್ತೆಯಲ್ಲೋ ಮಡಿಕೇರಿಯ ತಿರುವಿನಲ್ಲೋ ಕಿತ್ತು ಬರುತ್ತದೆ. ಹಿಂದೆ ಸ್ಪ್ರಿಂಗು ಬೇರೆ, ಶಾಕು ಬೇರೆ ಇರುವ ಕಾರುಗಳಿಗೆ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟು, ಸ್ಪ್ರಿಂಗಿನ ಹಳೆಯ ಬಟ್ಟಲಿಗೇ ಥ್ರೆಡ್ ಇರುವ ಕಟ್ಟೆ ಕೂರಿಸುವ ಸೆಟ್ಟುಗಳೂ ಇವೆ. ಅವೂ ಕಾಯಿಲೋವರ್ ಎಂಬ ಹೆಸರಿನಲ್ಲೇ ಮಾರಾಟವಾಗುತ್ತವೆ. ಹೆಸರಿನ ಪ್ರಕಾರ ತಪ್ಪು, ಕೆಲಸದ ಪ್ರಕಾರ ಸರಿ. ಇವನ ಪೆಟ್ಟಿಗೆಯಲ್ಲಿ ಇದ್ದದ್ದು ಅಂಥದ್ದಲ್ಲ.

ಹುಡುಗ ಒಂದು ಗಂಟೆ ಮುಖ ಊದಿಸಿಕೊಂಡಿದ್ದ. ಕೊಟ್ಟ ಹಣ ಸಣ್ಣದೇನಲ್ಲ. ಕಾನೂನಿನ ಮಾತು ತೆಗೆದೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಎತ್ತರ ಆರ್‌ಸಿಯಲ್ಲಿ ಬರೆದಿರುವುದಿಲ್ಲವಲ್ಲ ಎಂದು ಅವನು ವಾದಿಸಿದ. ಹದಿನೈದು ವರ್ಷ ದಾಟಿದ ಕಾರನ್ನು ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಬೇಕು, ಅಲ್ಲಿ ನೋಡುವವರು ಪತ್ರವನ್ನಷ್ಟೇ ನೋಡುವುದಿಲ್ಲ ಎಂದೆ. ಅವನನ್ನು ಒಪ್ಪಿಸಿದ್ದು ಈ ಯಾವ ಮಾತೂ ಅಲ್ಲ. ಮೇಸ್ತ್ರಿ ಅವನನ್ನೇ ಕಾರಿನ ಕೆಳಗೆ ಮಲಗಿಸಿ, ಆ ಬೋಲ್ಟಿನ ಸುತ್ತಲಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಲು ಹೇಳಿದರು. ಎದ್ದು ಬಂದವನು ಹಿಂದಿನ ಎರಡು ಕೊಳವೆಗಳನ್ನು ಪೆಟ್ಟಿಗೆಗೆ ಹಾಕಿಟ್ಟ.

ಮುಂದಿನ ಕೆಲಸ ಬೇಗ ಮುಗಿಯಿತು. ಬಿಚ್ಚುವ ಮೊದಲೇ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳತೆ ಬರೆದುಕೊಂಡಿದ್ದೆವು. ಬ್ರೇಕ್ ಪೈಪನ್ನು ಅದರ ಹಿಡಿಕೆಯಿಂದ ಬಿಡಿಸಿ, ಕೆಳಗಿನ ಎರಡು ಬೋಲ್ಟು, ಮೇಲಿನ ನಟ್ಟುಗಳು, ಹಳೆಯ ಸ್ಟ್ರಟ್ ಹೊರಗೆ. ಅದರ ಸ್ಪ್ರಿಂಗು ಒತ್ತಿಟ್ಟ ಬಲವನ್ನು ಇನ್ನೂ ಹಿಡಿದುಕೊಂಡೇ ಇರುತ್ತದೆ. ಕಂಪ್ರೆಸರ್ ಹಾಕದೆ ನಡುವಿನ ನಟ್ಟು ಬಿಚ್ಚಿದರೆ ಹುಕ್ ಹೇಳಿದ ಬಲ ಮುಖಕ್ಕೆ ಬರುತ್ತದೆ. ಕೆಂಪು ಸ್ಪ್ರಿಂಗಿಗೆ ಬದಲಾಗಿ ಅದೇ ವ್ಯಾಸದ, ಕಡಿಮೆ ಬಿರುಸಿನ ಸ್ಪ್ರಿಂಗನ್ನು ಹುಡುಕಿ ತಂದು ಹಾಕಿದೆವು. ಓಲಿಯವರ ನೆನಪಿಗೆ ಅಂತಿಟ್ಟುಕೊಳ್ಳಿ. ಹಿಂದೆ ಕಂಪನಿಯದೇ ಹೊಸ ಸ್ಪ್ರಿಂಗು, ಹೊಸ ಶಾಕು. ಬುಶ್ಶುಗಳ ಬೋಲ್ಟನ್ನು ಕಾರು ಜ್ಯಾಕ್ ಮೇಲಿರುವಾಗ ಬಿಗಿಯದೆ, ನಾಲ್ಕೂ ಚಕ್ರ ನೆಲಕ್ಕೂರಿದ ಮೇಲೆ ಬಿಗಿದರು ಮೇಸ್ತ್ರಿ. ತೂಗಾಡುವಾಗ ಬಿಗಿದರೆ ರಬ್ಬರು ಇಡೀ ಆಯುಷ್ಯ ತಿರುಚಿಕೊಂಡೇ ಇರುತ್ತದೆ. ನಾಲ್ಕು ತೂಕದ ಯಂತ್ರ ನಮ್ಮಲ್ಲಿರಲಿಲ್ಲ. ಹುಡುಗನನ್ನು ಸೀಟಿನಲ್ಲಿ ಕೂರಿಸಿ ಎತ್ತರವನ್ನಷ್ಟೇ ಅಳೆದು, ಹಳೆಯ ಅಳತೆಗಿಂತ 15 ಮಿಲಿಮೀಟರ್ ಕೆಳಗೆ ಎರಡೂ ರಿಂಗುಗಳನ್ನು ನಿಲ್ಲಿಸಿದೆವು. ಆಮೇಲೆ ವೀಲ್ ಅಲೈನ್‌ಮೆಂಟ್.

ಮೊದಲ ಭಾನುವಾರ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರು. “ಏನು ಬದಲಾಯಿಸಿದೀರೋ ಗೊತ್ತಾಗಲಿಲ್ಲ ಕಣೋ, ಮುಂಚಿನ ಹಾಗೇ ಇದೆ” ಎಂದಳಂತೆ. ಹುಡುಗನಿಗೆ ಅದು ಹೊಗಳಿಕೆಯಾಗಿ ಕೇಳಿಸಲಿಲ್ಲ.

ಈಗ ಅವನು ಮಳೆಗಾಲಕ್ಕೆ ಮುಂಚೆ ಥ್ರೆಡ್ಡಿಗೆ ಗ್ರೀಸ್ ಹಚ್ಚುತ್ತಾನೆ. ಕೆಸರು ಕೂತರೆ ಉಕ್ಕಿಗೆ ಅಲ್ಯೂಮಿನಿಯಂ ಕಚ್ಚಿಕೊಂಡು ರಿಂಗು ಮತ್ತೆ ತಿರುಗುವುದಿಲ್ಲ. ರಿಂಗಿಗೂ ಕೊಳವೆಗೂ ಅಡ್ಡಲಾಗಿ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದಾನೆ. ಗೆರೆ ತುಂಡಾಗಿ ಕಂಡರೆ ರಿಂಗು ಸರಿದಿದೆ ಎಂದು ಗೊತ್ತಾಗುತ್ತದೆ. ಹಿಂದಿನ ಎರಡು ಕೊಳವೆಗಳು ಅಟ್ಟದ ಮೇಲಿವೆ.